ಜಗಲಿ ಏರಿದ ಕ್ಯಾಸೆಟ್

ದಂಡೋತಿಯ ಅನಸುಬಾಯಿ ಐವತ್ತೊಂದು ವರ್ಷದ ಬಾಳಿನಲ್ಲಿ ಕಾಗಿಣಾ ಹೊಳೆ ಅಂಗಳಕ್ಕೆ ಬಂದಾಗಲೂ ಹೆದರಿದವಳಲ್ಲ. ಗ್ರಾಮಸಭೆಯಲ್ಲಿ ಮೈಕು ಕಸಿದುಕೊಂಡು ಮಾತಾಡಿದವಳು. ಅಂಥ ವೀರರಮಣಿ, ಕಳೆದ ಶ್ರಾವಣದ ಒಂದು ಮಧ್ಯಾಹ್ನ, ಅಂಗೈಯಗಲದ ಕ್ಯಾಸೆಟ್ಟಿಗೆ ಹೆದರಿ ಸುಳ್ಳಿನ ಮೇಲೆ ಸುಳ್ಳು ಹೇಳಿದಳು.

ಅದು ಅವಳು ಜೀವನದಲ್ಲಿ ಕೊಂಡ ಮೊದಲ ಕ್ಯಾಸೆಟ್. ಆಗ ಅವಳು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಪಾಲಿಶ್ ಮಾಡುವ ಲಾಲಪ್ಪನ ಮಗಳು, ವಯಸ್ಸು ಹದಿನೆಂಟು, ಮದುವೆ ಗೊತ್ತಾಗಿತ್ತು. ಓಣಿಯವರ ಕುಬುಸ ಹೊಲಿದು ಕೂಡಿಸಿದ ಹಣ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ವಾಡಿ ಸ್ಟೇಶನ್ ಎದುರಿನ ಅಂಗಡಿಗೆ ನುಗ್ಗಿದಳು. ಅಪ್ಪ ಹೊರಗೆ ಬೀಡಿ ಸೇದುತ್ತ ನಿಂತಿದ್ದ. ಅವಳಿಗೆ ಬೇಕಾಗಿದ್ದು ಆ ವರ್ಷ ಎಲ್ಲ ಟೆಂಪೊಗಳಲ್ಲೂ ಅರಚುತ್ತಿದ್ದ ಅತ್ತೆ ಸೊಸೆ ಜಗಳದ ಹಾಡುಗಳು. ಒಟ್ಟು ಹತ್ತು ಜಗಳ. ಹತ್ತರಲ್ಲೂ ಸೊಸೆಗೇ ಜಯ. ಇಂಥದ್ದನ್ನು ಅತ್ತೆಮನೆಗೆ ಒಯ್ಯುವುದೆಂದರೆ ವೈರಿಯ ಕೋಟೆಯೊಳಗೆ ಮದ್ದುಗುಂಡು ಸಾಗಿಸಿದ ಹಾಗೆ. ಅನಸುಬಾಯಿ ದಂಡನಾಯಕಿಯಂತೆ ಯೋಚಿಸಿದಳು.

"ಅಣ್ಣಾ, ಆ ಭಜನಿ ಕ್ಯಾಸೆಟ್ಟಿನ ಡಬ್ಬ್ಯಾಗ ಇದನ್ನ ಹಾಕಿಕೊಡ್ರಿ. ಮ್ಯಾಲ ಅಂಟಿಸಿದ ಚೀಟಿನೂ ಕಿತ್ತಬಿಡ್ರಿ."

ಅಂಗಡಿಯವನು ಅವಳನ್ನು ಒಮ್ಮೆ, ಹೊರಗಿದ್ದ ಅಪ್ಪನನ್ನು ಒಮ್ಮೆ ನೋಡಿದ. "ಡಬ್ಬಿ ಮ್ಯಾಲ ಅಜ್ಜ, ಒಳಗ ಜಗಳ. ನಿನ್ನ ಸಂಸಾರ ಭಾಳ ಚಂದ ನಡೀತದ ನೋಡ, ಯವ್ವಾ."

ಡಬ್ಬಿಯ ಮೇಲೆ ಯಾವುದೋ ಮಠದ ಗಡ್ಡದ ಅಜ್ಜ ಕೈ ಎತ್ತಿ ಹರಸುತ್ತಿದ್ದರು.

ದಂಡೋತಿಯಲ್ಲಿ ಮದುಮಗಳ ಟ್ರಂಕು ತೆರೆದ ಅತ್ತೆ ಭೀಮಮ್ಮ ಆ ಡಬ್ಬಿಯನ್ನು ಕಂಡವಳೇ ಕಣ್ಣಿಗೊತ್ತಿಕೊಂಡಳು. "ಮಂದಿ ಸೊಸ್ತೇರು ಸ್ನೋ, ಪೌಡರ ತಂದಾರ. ನಮ್ಮಾಕಿ ಅಜ್ಜನ್ನೇ ಕರಕೊಂಡ ಬಂದಾಳ!" ಮನೆಯಲ್ಲಿ ಟೇಪ್ ಇರಲಿಲ್ಲವಾದ್ದರಿಂದ ಕ್ಯಾಸೆಟ್ ನೇರವಾಗಿ ದೇವರ ಜಗಲಿ ಏರಿತು. ಪ್ರತಿ ಸೋಮವಾರ ವಿಭೂತಿ, ಮೇಲೊಂದು ಹೂವು. ಸೊಸೆಯ ಭಕ್ತಿಯ ಕೀರ್ತಿ ಊರೆಲ್ಲ ಹಬ್ಬಿತು. ಅದೇ ಕೀರ್ತಿಯ ಮೇಲೆ ಮುಂದೊಂದು ದಿನ ಮಹಿಳಾ ಸಂಘದ ಅಧ್ಯಕ್ಷಗಿರಿಯೂ ಬಂತು.

ಅತ್ತೆ ಹೊಲಕ್ಕೆ ಹೋದ ದಿನ ಮಾತ್ರ ಅಜ್ಜ ಸೆರಗಿನೊಳಗೆ ಅಡಗಿ ಪಕ್ಕದ ಜಾನಬಿಯ ಮನೆಗೆ ಸವಾರಿ ಹೊರಡುತ್ತಿದ್ದರು. ಜಾನಬಿಯ ತಮ್ಮ ಸೌದಿಯಿಂದ ಟೇಪ್ ರೆಕಾರ್ಡರ್ ತಂದಿದ್ದ. ಗೆಳತಿಯರಿಬ್ಬರೂ ಬಾಗಿಲು ಹಾಕಿಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದರು. ಒಂದೇ ವಿಚಿತ್ರ: ತವರಿಗೆ ಹೋಗಿ ಬಂದಾಗಲೆಲ್ಲ, ಅನಸುಬಾಯಿ ಹಾಡನ್ನು ನಿಲ್ಲಿಸಿ ಹೋದ ಜಾಗದಲ್ಲಿ ರೀಲು ನಿಂತಿರುತ್ತಿರಲಿಲ್ಲ. ಅದು ಯಾವಾಗಲೂ ಮೂರನೆಯ ಹಾಡು ಮುಗಿದಲ್ಲೇ.

"ಅಜ್ಜನ ಲೀಲಾ!" ಎಂದು ಅವಳು ಗಲ್ಲ ಬಡಿದುಕೊಳ್ಳುತ್ತಿದ್ದಳು. ಜಾನಬಿಗೆ ಆಗೆಲ್ಲ ಕೆಮ್ಮು ಬರುತ್ತಿತ್ತು.

ಹೀಗೆ ಮೂವತ್ಮೂರು ವರ್ಷ. ಕಳೆದ ಶ್ರಾವಣದಲ್ಲಿ ಚಿತ್ತಾಪುರದ ನಿವೃತ್ತ ಶಿಕ್ಷಕಿ ಉಮಾದೇವಿ ಸಂಘದ ಹೆಂಗಸರಿಗಾಗಿ ಒಂದು ಕಾರ್ಯಕ್ರಮ ಇಟ್ಟರು. ಪ್ರತಿಯೊಬ್ಬರೂ ತಾವು ಕೊಂಡ ಮೊದಲ ಕ್ಯಾಸೆಟ್ ತಂದು ಅದರ ನೆನಪು ಹೇಳಬೇಕು, ಹಾಡು ಕೇಳಿಸಬೇಕು. ಎಂಬತ್ತರ ಭೀಮಮ್ಮ ಕೋಲು ಕುಟ್ಟಿದಳು. "ನಮ್ಮ ಅಜ್ಜಂದೇ ಮೊದಲ ಆಗಬೇಕು!"

ನಲವತ್ತು ಹೆಂಗಸರ ಎದುರು ಮಾನ ಹೋಗುವುದು ಹೋಗಲಿ. ಈ ಮುದುಕಿಯ ಮುಖ ಹೇಗೆ ನೋಡಲಿ ಎಂಬುದೇ ಅನಸುಬಾಯಿಯ ಸಂಕಟ. ಕಡೆಯ ಗಳಿಗೆಯವರೆಗೆ ಹೋರಾಡಿದಳು.

"ಅತ್ತಿ, ಹಳೀ ರೀಲ್ ಅದರಿ, ಹರೀತದ."

"ಹರದ್ರ ಅಜ್ಜ ನೋಡ್ಕೋತಾನ."

"ಜಾನಬಿ ಅಕ್ಕನ ಟೇಪ್ ಬ್ಯಾರೆ ಕೆಟ್ಟದ."

"ಯಾರ ಹೇಳ್ಯಾರ?" ಜಾನಬಿ ಟೇಪನ್ನು ಮೇಜಿನ ಮೇಲಿಟ್ಟು ಧೂಳು ಒರೆಸಿದಳು. "ನಿನ್ನೇನೇ ಹೊಸ ಬೆಲ್ಟ್ ಹಾಕಿಸೀನಿ. ಹುಲಿ ಹಂಗ ಒದರತದ."

ಹುಲಿ ಒದರಿಯೇಬಿಟ್ಟಿತು. ಮೊದಲು ಕಿರ್ರ್ ಎಂದಿತು, ಆಮೇಲೆ ಹಲಗೆಯ ಬಡಿತ, ಅದರ ಬೆನ್ನಿಗೇ ಒಬ್ಬ ಸೊಸೆಯ ಗಂಟಲು: ರೊಟ್ಟಿ ಎಣಿಸುವ ಅತ್ತೆಯ ಬೆರಳಿಗೆ ಬಾವು ಬರಲೆಂದು ಆಕೆ ದೇವರಿಗೆ ಹರಕೆ ಹೊರುತ್ತಿದ್ದಳು. ಉಮಾದೇವಿ ಗಾಬರಿಯಾಗಿ ಟೇಪ್ ಬಂದ್ ಮಾಡಲು ಕೈ ಚಾಚಿದರು.

ಭೀಮಮ್ಮನ ಕೋಲು ಆ ಕೈಗೆ ಅಡ್ಡ ಬಂತು.

"ಟೀಚರ್ರ, ಬಂದ್ ಮಾಡಬ್ಯಾಡ್ರಿ. ಮುಂದ ಓಡಿಸ್ರಿ. ಮೂರನೇದ್ದು ಹಾಕ್ರಿ. ಅದ್ರಾಗ ಸೊಸಿ ಅತ್ತೀನ ಬಣವಿ ಮ್ಯಾಲ ಏರಿಸಿ ನಿಚ್ಚಣಿಕಿ ತಕ್ಕೊಂಡ ಹೋಗತಾಳ!"

ಅನಸುಬಾಯಿ ಎದ್ದೇ ನಿಂತಳು. "ಅತ್ತಿ! ನಿಮಗ ಗೊತ್ತಿತ್ತಾ?"

"ನೀ ಚೊಚ್ಚಲ ಬಾಣಂತನಕ್ಕ ಹೋದಾಗ, ಭಜನಿ ಕೇಳಮು ಅಂತ ಜಾನಬಿ ಮನಿಗಿ ಒಯ್ದಿದ್ದೆ. ಆಮ್ಯಾಲ ನೀ ಯಾವಾಗ ತವರಿಗಿ ಹೋಗ್ತಿ ಅಂತ ದಾರಿ ಕಾಯ್ತಿದ್ದೆ."

ಅನಸುಬಾಯಿ ಜಾನಬಿಯ ಕಡೆ ತಿರುಗಿದಳು. ಜಾನಬಿ ಕೆಮ್ಮಿದಳು.

"ಸಿಟ್ಟ ಬರಲಿಲ್ಲೇನ್ರಿ?"

"ಯಾಕ ಬರ್ತದ? ನಾ ಏನ ಹುಟ್ಟಾ ಅತ್ತೀನಾ? ಅದನ್ನ ಕೇಳಿದಾಗೊಮ್ಮೆ ನಮ್ಮತ್ತಿ ನೆನಪಾಗ್ತಿದ್ಲು. ಆಕಿ ರೊಟ್ಟಿ ಅಷ್ಟೇ ಅಲ್ಲ, ಹಿಟ್ಟಿನ ಉಂಡಿನೂ ಎಣಿಸ್ತಿದ್ಲು. ಕೇಳಿ ಭಾಳ ತಂಪಾಗ್ತಿತ್ತ ಜೀವಕ್ಕ."

"ಮತ್ತ ವಿಭೂತಿ ಯಾಕ ಹಚ್ಚತಿದ್ರಿ?"

"ಹಚ್ಚಲಿಲ್ಲಂದ್ರ ನಿನ್ನ ಗಂಡ ಎಂದೋ ದೋಸ್ತರಿಗಿ ಕೊಟ್ಟ ಕಳೀತಿದ್ದ. ಜಗಲಿ ಮ್ಯಾಗಿಂದು ಯಾರ ಮುಟ್ತಾರ?"

ಆಮೇಲೆ ಎದ್ದ ನಗೆಗೆ ಹೊರಗೆ ಮಲಗಿದ್ದ ಎಮ್ಮೆ ಎದ್ದು ನಿಂತಿತೆಂದು ಇಂದಿಗೂ ಹೇಳುತ್ತಾರೆ. ಮೂರನೆಯ ಹಾಡು ನಾಲ್ಕು ಸಲ ಮೊಳಗಿತು. ಐದನೆಯ ಸಲ ಅತ್ತೆಯ ಸಾಲುಗಳನ್ನು ಅನಸುಬಾಯಿಯೂ ಸೊಸೆಯ ಸಾಲುಗಳನ್ನು ಭೀಮಮ್ಮನೂ ಹಾಡಿ, ಟೇಪಿನವರನ್ನೇ ಮೀರಿಸಿಬಿಟ್ಟರು.

ಉಮಾದೇವಿ ಕಣ್ಣೊರೆಸಿಕೊಂಡು ಕಾರ್ಯಕ್ರಮದ ವಹಿ ತೆರೆದರು. "ಇದಕ್ಕ ಏನಂತ ಬರೀಲಿ ಭೀಮಮ್ಮ? ಜಾನಪದ ಅನ್ನಲಾ?"

"ಭಕ್ತಿಗೀತಿ ಅಂತನೇ ಬರೀರಿ," ಎಂದಳು ಭೀಮಮ್ಮ. "ಮೂವತ್ಮೂರು ವರ್ಷ ಪೂಜಿ ಮಾಡೀನಿ."