ಬಾಜೂ ಹೊಲದವರ ಕಾಗದ

ಅತ್ತೆಯ ಬಲಗೈ ತೋರುಬೆರಳಿನಲ್ಲಿ ಒಂದು ಸಣ್ಣ ಕಾಲುವೆಯಿತ್ತು. ರಬಕವಿಯಲ್ಲಿ ಮಗ್ಗದವರಿಗೆ ಲಾಳಿಯ ಕಂಡಿಕೆ ಸುತ್ತಿಕೊಡುತ್ತ, ವರ್ಷಗಟ್ಟಲೆ ಅದೇ ಬೆರಳ ಮೇಲೆ ನೂಲು ಹರಿದು ಬಿದ್ದ ಗೀರು ಅದು. ಓದಲು ಬಾರದ ಅವಳು, ನಾನು ಹಳೆಯ ಖರೇದಿ ಪತ್ರಗಳನ್ನು ಓದುವಾಗ ಆ ಬೆರಳನ್ನು ಸಾಲಿನ ಕೆಳಗೆ ಇಟ್ಟು ನನ್ನ ದನಿಯ ಜೊತೆ ಸರಿಸುತ್ತಿದ್ದಳು. ಬೇಸರಪಟ್ಟು ನಾನು ನಾಲ್ಕು ಮಾತು ಹಾರಿಸಿದರೆ ಬೆರಳು ನಿಂತುಬಿಡುತ್ತಿತ್ತು.

"ಇಷ್ಟ ಉದ್ದ ಸಾಲಿಗೆ ಅಷ್ಟ ಮಾತೇನಲೇ? ಉಳಿದದ್ದು ನುಂಗಿದಿ ಏನ್?"

ಬಲಗೈ ಎಂದು ಬರೆದೆ. ಎಡಗೈ ಇದ್ದರೂ ಇರಬಹುದು. ನೆನಪನ್ನು ನಂಬಲು ನನಗೆ ಹೆದರಿಕೆ. ಅದು ಏನೇನು ಮಾಡಬಲ್ಲದು ಎಂಬುದನ್ನು ಅವಳಲ್ಲೇ ನೋಡಿದ್ದೇನೆ.

ಅವಳು ನನ್ನ ಅಪ್ಪನ ಅಕ್ಕ. ಗಂಡ ಸತ್ತು, ಕೈ ನಡುಗತೊಡಗಿ, ಕಂಡಿಕೆ ಕೆಲಸ ಬಿಟ್ಟ ಮೇಲೆ ತುಬಚಿಯ ನಮ್ಮ ಮನೆಗೆ ಬಂದಳು. ಅಪ್ಪ ಆಗಲೇ ತೀರಿಕೊಂಡಿದ್ದ. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಅಮಾವಾಸ್ಯೆಗೆ ಗೋರಿಯ ಮೇಲೆ ಎಡೆ ಇಡುತ್ತಾರೆ. ಅತ್ತೆಗೆ ತನ್ನ ತಾಯಿಯ ಗೋರಿ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಅನಗವಾಡಿಯ ಹೊಲವನ್ನು ಅಜ್ಜ ಅವಳ ಚಿಕ್ಕಂದಿನಲ್ಲೇ ಮಾರಿ ಊರು ಬಿಟ್ಟಿದ್ದ. ಹೀಗಾಗಿ ಅವಳು ಹೊಳೆ ಹರಿಯುವ ದಿಕ್ಕಿಗೆ, ಅನಗವಾಡಿಯ ಕಡೆಗೆ, ಮುಖ ಮಾಡಿ, ಅಂಗಳದ ಕಲ್ಲಿನ ಮೇಲೆ ಎಡೆ ಇಡುತ್ತಿದ್ದಳು.

"ನಾಯಿಗೆ ಮುಟ್ಟತೈತಿ, ಅವ್ವಗ ಮುಟ್ಟಾಂಗಿಲ್ಲ. ಆಕಿ ಎಲ್ಲಿ ಅದಾಳಂತ ಕಾಗದದಾಗ ನೋಡಲೇ," ಎಂದು ನನ್ನ ಬೆನ್ನು ಹತ್ತಿದಳು.

ತಾಯಿಯ ಬಗ್ಗೆ ಅವಳ ಬಳಿ ಇದ್ದದ್ದು ಒಂದೇ ನೆನಪು. ಅದನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೆ. "ಹಸರ ಸೀರಿ. ನಿಮ್ಮಪ್ಪನ್ನ ಬಗಲಾಗ ಎತ್ಕೊಂಡಿದ್ಲು, ನನ್ನ ಕೈ ಹಿಡಕೊಂಡಿದ್ಲು. ಮೂರೂ ಮಂದಿ ಹೊಳಿಗೆ ಹೊಂಟಿದ್ವಿ." ಆಮೇಲೆ ಜ್ವರ ಬಂತು, ಸತ್ತಳು. ಕಥೆ ಅಷ್ಟೇ.

ಬೀಳಗಿಯ ಕಚೇರಿಗೆ ಓಡಾಡಿ ಅಜ್ಜ ಬರೆದುಕೊಟ್ಟ ಖರೇದಿ ಪತ್ರದ ನಕಲು ತೆಗೆಸಿದೆ. ಹೊಲ ಮಾರುವವರು ಆ ಕಾಲದಲ್ಲಿ ಹಿರಿಯರ ಗೋರಿಯನ್ನು ಬಿಟ್ಟು ಮಾರುತ್ತಿದ್ದರು. ಅಜ್ಜನೂ ಬರೆಸಿದ್ದ: ಮೂಲೆಯಲ್ಲಿರುವ ತನ್ನ ತಂದೆಯ ಮತ್ತು ಅಜ್ಜನ ಗೋರಿಗಳನ್ನು ಬಿಟ್ಟಿದೆ, ಅಲ್ಲಿಗೆ ಹೋಗಿಬರುವ ಹಕ್ಕು ತನಗೂ ತನ್ನ ಮಕ್ಕಳಿಗೂ ಇದೆ. ಬೆರಳು ಕೊನೆಯ ಸಾಲಿಗೆ ಬಂದು ಕಾಯುತ್ತಿತ್ತು.

"ಮುಂದ?"

"ಮುಂದ ಸಹಿ ಐತಿ, ಅತ್ತಿ."

"ಅವ್ವ?"

ನಾನು ಮತ್ತೆ ಮೊದಲಿನಿಂದ ಓದಿದೆ. ಏನನ್ನೂ ಹಾರಿಸಲಿಲ್ಲ. ಅತ್ತೆ ಬೆರಳು ತೆಗೆದಳು.

"ಅಂದ್ರ ಹೊಲದ ಜೋಡಿ ಅವ್ವನ್ನೂ ಮಾರಿದ."

ಮುಂದಿನ ಅಮಾವಾಸ್ಯೆಗೆ ಅಜ್ಜನ ಹೆಸರಿನ ಎಡೆ ನಿಂತಿತು. ನನ್ನ ತಾಯಿ ಬೇಡಿಕೊಂಡಳು: "ಸತ್ತವರ ಮ್ಯಾಲೆ ಎಂಥಾ ಸಿಟ್ರಿ ಅಕ್ಕಾರ?" ಅತ್ತೆ ತಟ್ಟೆ ಒರೆಸುತ್ತ, "ಉಪವಾಸ ಇರಲಿ. ಅವ್ವ ಇದ್ದಿಲ್ಲೇನು ಇಷ್ಟ ದಿನ?" ಎಂದಳು.

ಕಾಗದದ ಗೀಳು ನನಗೆ ಅಲ್ಲಿಗೆ ಸಾಕಾಗಿತ್ತು. ಅವಳಿಗೆ ಸಾಕಾಗಿರಲಿಲ್ಲ. ರಬಕವಿಯಲ್ಲಿ ಅವಳು ಹೆಣ್ಣು-ಗಂಡು ನೋಡಿ ಮದುವೆ ಕುದುರಿಸುವುದರಲ್ಲಿ ಹೆಸರಾದವಳು. ಗಂಡಿನ ಮನೆಯಲ್ಲಿ ಚಹಾ ಕುಡಿದು ಎದ್ದವಳೇ ಪಕ್ಕದ ಮನೆಗೆ ನೀರು ಕೇಳುವ ನೆವದಲ್ಲಿ ನುಗ್ಗುತ್ತಿದ್ದಳಂತೆ. ತೀರ್ಮಾನ ಅಲ್ಲಿ ಆಗುತ್ತಿತ್ತು. ಒಂದು ದಿನ ಊಟದ ನಡುವೆ ತಟ್ಟನೆ ತಲೆಯೆತ್ತಿದಳು.

"ನಮ್ಮ ಮನಿ ಕಾಗದ ಯಾಕ ಓದಾಕತ್ತೀವಲೇ ನಾವು, ಹುಚ್ಚರಂಗ? ಬಾಜೂ ಹೊಲದವರ ಕಾಗದ ತಗಸು."

ತೆಗೆಸಿದೆ. ಅದು ಪಕ್ಕದ ಹೊಲದ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ವಾಟ್ನಿ ಪತ್ರ. ಅದರ ಚಕ್ಕುಬಂದಿಯಲ್ಲಿ, ಎಂದರೆ ಹೊಲದ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುವ ಕಡೆ, ಪಶ್ಚಿಮಕ್ಕೆ ಅಜ್ಜನ ಹೆಸರಿತ್ತು. ಅದರ ಮುಂದೆ: "ಇವರ ಹೊಲದ ಬದು, ಬದುವಿನ ಮೇಲಿನ ಬಾಣಂತಿ ಗೋರಿ."

ಬೆರಳು ನಿಂತಿತು. ನಾನು ಹಾರಿಸಿದ್ದಕ್ಕಲ್ಲ.

ಬಾಣಂತಿ. ಹೆಸರಿಲ್ಲ. ಹಾಗಾದರೆ ಅವಳು ಸತ್ತಾಗ ಅಪ್ಪ ಹಸಿಗೂಸು. ಬಗಲಲ್ಲಿ ಕೂರುವಷ್ಟು ದೊಡ್ಡವನಾಗಿ ಅವನು ತಾಯಿಯ ಜೊತೆ ಹೊಳೆಗೆ ಹೋಗಿರಲು ಸಾಧ್ಯವಿಲ್ಲ. ಅಥವಾ ಯಾರೂ ನಮಗೆ ಹೇಳದ ಇನ್ನೊಂದು ಕೂಸು ಇತ್ತೋ ಏನೋ. ಕಾಗದಕ್ಕೆ ಅದು ಬೇಕಾಗಿರಲಿಲ್ಲ, ಅದಕ್ಕೆ ಬೇಕಾಗಿದ್ದದ್ದು ಬದು. ಅತ್ತೆ ಕಾಗದ ಮಡಚಿ ನನ್ನ ಕೈಗಿಟ್ಟು, "ನಿಮ್ಮಪ್ಪ ಇದನ್ನ ಕೇಳದ ಹೋದದ್ದು ಛಲೋ ಆತು," ಎಂದಳು. ಹಸಿರು ಸೀರೆಯ ಕಥೆಯನ್ನು ಆಮೇಲೆ ಎಂದೂ ಹೇಳಲಿಲ್ಲ. ಅವಳಿಗೆ ತಾಯಿಯ ಜಾಗ ಹುಡುಕಿಕೊಡಲು ಹೋಗಿ, ಇದ್ದ ಒಬ್ಬ ತಾಯಿಯನ್ನೂ ನಾನು ಕಿತ್ತುಕೊಂಡೆನೇನೋ.

ಬೇಸಿಗೆಯಲ್ಲಿ ಅನಗವಾಡಿಗೆ ಕರೆದುಕೊಂಡು ಹೋದೆ. ಆ ಹೊಲಗಳೆಲ್ಲ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ಕಾಲವಾಗಿದೆ. ನೀರು ಇಳಿದಾಗಷ್ಟೇ ನೆಲ ಕಾಣುತ್ತದೆ. ಕಂಡದ್ದು ಬಿರುಕುಬಿಟ್ಟ ಕೆಸರು. ಬದು ಇರಲಿಲ್ಲ, ಕಲ್ಲಿರಲಿಲ್ಲ. ಎಡೆಯ ಗಂಟು ಹಿಡಿದು ನಿಂತ ಅತ್ತೆ ಕೇಳಿದಳು: "ಎಲ್ಲಿ ಇಡ್ಲಿ?"

ನನ್ನ ಕೈಯಲ್ಲಿ ಕಚೇರಿಯಿಂದ ತಂದ ಹೊಲದ ನಕ್ಷೆಯಿತ್ತು. ಅದರಿಂದ ಏನೂ ಗೊತ್ತಾಗುತ್ತಿರಲಿಲ್ಲ. ಆದರೂ ಒಂದು ಕಡೆ ಬೆರಳು ತೋರಿಸಿದೆ. ಅವಳು ಅಲ್ಲೇ ಕುಳಿತು ಹೋಳಿಗೆ ಇಟ್ಟು, ಕೆಸರನ್ನು ಅಂಗೈಯಿಂದ ಸವರಿದಳು. ಏಳುವಾಗ ನನ್ನ ಭುಜ ಹಿಡಿದು ಹೇಳಿದಳು: "ಖರೆ ತೋರಿಸಿದ್ಯೋ ಸುಳ್ಳ ತೋರಿಸಿದ್ಯೋ, ನಾ ಕೇಳಾಂಗಿಲ್ಲ. ನಾಳೆ ನನ್ನ ನಿಮ್ಮ ಹೊಲದಾಗ ಇಡ್ತೀರಿ. ಮಾರೂ ಮುಂದ ನನ್ನ ಕಾಗದದಾಗ ಹಾಕ್ಸಲೇ."

ಮಳೆಗಾಲದಲ್ಲಿ ಸತ್ತಳು. ಆಗ ಅನಗವಾಡಿಯ ಆ ನೆಲದ ಮೇಲೆ ಹೊಳೆ ತುಂಬಿ ನಿಂತಿತ್ತು. ತುಬಚಿಯ ಹೊಲದಲ್ಲಿ, ಅಪ್ಪನ ಗೋರಿಯಿಂದ ಈಚೆಗೆ, ಬದುವಿನ ಪಕ್ಕ ಮಣ್ಣು ಮಾಡಿದೆವು.

ಈಚೆಗೆ ಆ ಹೊಲವನ್ನೂ ಮಾರಬೇಕಾಯಿತು. ಕೊಳ್ಳುವವನು, "ಗೋರಿ ಇದ್ದ ಹೊಲ ನನಗ ಬ್ಯಾಡ್ರಿ," ಎಂದ. ಗೋರಿಗಳಿರುವ ಸಣ್ಣ ಪಟ್ಟಿಯೊಂದನ್ನು ನಾನೇ ಇಟ್ಟುಕೊಂಡು ಉಳಿದದ್ದನ್ನು ಕೊಟ್ಟೆ. ಜಮಖಂಡಿಯಲ್ಲಿ ಪತ್ರ ಬರೆಯುವವನು ಚಕ್ಕುಬಂದಿಗೆ ಬಂದ.

"ಉತ್ತರಕ್ಕ ಏನ್ ಹಾಕ್ಲಿರಿ?"

"ನಮ್ಮ ಅತ್ತಿ ಗೋರಿ."

"ಗೋರಿ ಅಂದ್ರ ಸಾಕಲ್ರಿ, ಹೆಸರ್ಯಾಕ?"

"ಹೆಸರು ಹಾಕ್ರಿ."

"ಹಂಗಾದ್ರ ಗಂಡನ ಹೆಸರು ಹೇಳ್ರಿ. ಇಲ್ಲಾ ಅಪ್ಪಂದು."

"ಆಕಿ ಅವ್ವಂದು ಬರ್ಕೋರಿ," ಎಂದೆ. ಅವನು ನನ್ನ ಮುಖ ನೋಡಿ ಬರೆದುಕೊಂಡ. ಆ ಎರಡೂ ಹೆಸರು ಈಗ ಇನ್ನೊಬ್ಬರ ಕಾಗದದಲ್ಲಿವೆ.

ಹೋದ ಅಮಾವಾಸ್ಯೆಗೆ ಹೋದಾಗ ಕೊಂಡವನ ಕಬ್ಬು ಬದು ದಾಟಿ, ಅತ್ತೆಯ ಗೋರಿಯ ಕಾಲಕಡೆ ಒಂದು ಸಾಲು ಒಳಗೆ ಬಂದಿತ್ತು. ಪತ್ರದ ನಕಲು ಜೇಬಿನಲ್ಲೇ ಇತ್ತು. ಎಡೆಯನ್ನು ಕಬ್ಬಿನ ಬುಡದಲ್ಲಿ ಇಟ್ಟೆ. ಅವಳ ಕಾಲು ಅಲ್ಲಿಯವರೆಗೆ ಬರುತ್ತದೆ.