ಸೈಕಲ್ ಟೀಚರಮ್ಮನ ಸೊಂಟ

ನಮ್ಮ ಮನೆಯ ಪಕ್ಕದ ಕೋಣೆಗೆ ಬಾಡಿಗೆಗೆ ಬಂದ ಟೀಚರಮ್ಮನ ಕೈಗೆ ನಾನು ಮೊದಲ ವಾರದಲ್ಲೇ ಸೌದೆ ಕತ್ತಿ ಹಿಡಿಸಿದೆ. ಬೆಳಿಗ್ಗೆ ಹಾಲು ಕೊಡಲು ಹೋದವಳು ಅರ್ಧ ತೆರೆದ ಬಾಗಿಲಲ್ಲಿ ನೋಡಿದರೆ ಆಕೆ ನೆಲದ ಮೇಲೆ ಅಂಗಾತ ಬಿದ್ದಿದ್ದಳು. ಒಂದು ಕೈ ತಲೆಯ ಹಿಂದಕ್ಕೆ ಚಾಚಿತ್ತು. ಇನ್ನೊಂದು ಕಡೆಯ ಕಾಲು ನೆಲ ಮುಟ್ಟದೆ ಸೆಟೆದು ನಿಂತಿತ್ತು. ಬಾಯಲ್ಲಿ ಉಸ್ ಉಸ್ ಎಂದು ಉಸಿರು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕು ಎಂದು ನಮ್ಮ ಎಸ್ಟೇಟ್ ಕೂಲಿಮನೆಗಳ ಲೈನಿನಲ್ಲಿ ಹುಟ್ಟಿ ಬೆಳೆದ ಎಲ್ಲರಿಗೂ ಗೊತ್ತು. ಹಾಲಿನ ಚೊಂಬು ಅಲ್ಲೇ ಇಟ್ಟು ಓಡಿಹೋಗಿ ಕೈಗೆ ಸಿಕ್ಕಿದ ಕತ್ತಿ ತಂದು, ಆಕೆಯ ಬೆರಳು ಬಿಡಿಸಿ ಹಿಡಿ ತುರುಕಿದೆ. ಕಣ್ಣು ಬಿಟ್ಟವಳು ನನ್ನನ್ನೂ ಕತ್ತಿಯನ್ನೂ ನೋಡಿ ಗೋಡೆಯವರೆಗೆ ಉರುಳಿದಳು.

ಆಮೇಲೆ ಎದ್ದು ಕೂತು, ಅದು ರೋಗ ಅಲ್ಲ, ವ್ಯಾಯಾಮ ಎಂದು ಹೇಳಿದಳು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ಏನೂ ಆಗುವುದಿಲ್ಲ, ಪಕ್ಕಕ್ಕೆ ಮಲಗಿಸಬೇಕು ಎಂದೂ ಪಾಠ ಮಾಡಿದಳು. ಅಲ್ಲಿಯವರೆಗೆ ನಾನು ಆಕೆಗೆ ನೀವು ಎನ್ನುತ್ತಿದ್ದೆ. ಕತ್ತಿ ಹಿಡಿಸಿದ ಮೇಲೆ ನೀನು ಎನ್ನಲು ಶುರುಮಾಡಿದೆ. ಆಕೆಯೂ ಬೇಜಾರು ಮಾಡಿಕೊಳ್ಳಲಿಲ್ಲ.

ಆಕೆ ಸಕಲೇಶಪುರದ ಹೈಸ್ಕೂಲಿನಲ್ಲಿ ಆಟದ ಟೀಚರ್. ಊರು ಆಲೂರಿನ ಕಡೆ. ವಯಸ್ಸು ನಲವತ್ತು ದಾಟಿದೆ. ನಮ್ಮ ಮನೆ ದೋಣಿಗಲ್‌ನಿಂದ ಸ್ವಲ್ಪ ಮೇಲೆ, ಎಸ್ಟೇಟ್ ರಸ್ತೆಯ ಬದಿಗೆ ಇದೆ. ಇಲ್ಲಿಂದ ಪೇಟೆಯ ಸ್ಕೂಲಿಗೆ ಬಸ್ಸಿದ್ದರೂ ಆಕೆ ಸೈಕಲ್ಲಿನಲ್ಲೇ ಹೋಗುತ್ತಿದ್ದಳು. ಸೈಕಲ್ ಎಂದರೆ ಹಾಲಿನವರ ಸೈಕಲ್ ಅಲ್ಲ. ಒಂದೇ ಕೈಯಲ್ಲಿ ಎತ್ತಬಹುದು. ಹಿಂದೆ ಕ್ಯಾರಿಯರ್ ಇಲ್ಲ, ಗಂಟೆ ಇಲ್ಲ. ಒಂದು ಕಟ್ಟು ಸೊಪ್ಪು ತರಲೂ ಬಾರದ ಸೈಕಲ್ ಯಾಕೆ ಎಂದು ಕೇಳಿದ್ದಕ್ಕೆ ನಕ್ಕಳು, ಉತ್ತರ ಹೇಳಲಿಲ್ಲ.

ಉತ್ತರ ಹೇಳಿದ್ದು ಮಳೆಗಾಲ ಹಿಡಿದ ಮೇಲೆ. ರಸ್ತೆ ಪಾಚಿ ಕಟ್ಟಿ ಸೈಕಲ್ ಒಳಗೆ ಸೇರಿತ್ತು. ಪ್ರತಿ ವರ್ಷ ಜನವರಿಯಲ್ಲಿ ಒಂದು ಭಾನುವಾರ ಒಂದಷ್ಟು ಜನ ಸೇರಿ ಘಟ್ಟದ ಬುಡದಿಂದ ಸಕಲೇಶಪುರದವರೆಗೆ ಸೈಕಲ್ ತುಳಿಯುತ್ತಾರಂತೆ. ಗೆದ್ದವರಿಗೆ ಬಹುಮಾನ ಏನೂ ಇಲ್ಲ. ಎರಡು ವರ್ಷ ಈಕೆ ಹೋಗಿದ್ದಳು. ಎರಡು ಸಲವೂ ದೋಣಿಗಲ್ ಕೆಳಗಿನ ತಿರುವಿನಲ್ಲಿ ಸೊಂಟ ಹಿಡಿದುಕೊಂಡು, ಸೈಕಲ್ಲನ್ನು ಹಿಂದೆ ಬರುವ ಪಿಕಪ್ ಗಾಡಿಗೆ ಹಾಕಿಸಿ, ಅದರ ಪಕ್ಕದಲ್ಲಿ ಕೂತು ಮೇಲೆ ಬಂದಿದ್ದಳು. ಕಾಲಿಗೆ ಏನೂ ಆಗಿರಲಿಲ್ಲ. ಸೊಂಟ ಸೋತಿತ್ತು.

"ಬರೀ ತುಳಿದ್ರೆ ಕಾಲು ಗಟ್ಟಿ ಆಯ್ತದೆ ಅಜ್ಜಿ, ಸೊಂಟ ಹಂಗೇ ಉಳಿತದೆ. ಈ ಸಲಾನೂ ಕಾಲು ಊರಿ ಇಳಿದ್ರೆ ಸೈಕಲ್ ಸ್ಕೂಲಿಗೆ ಕೊಟ್ಬುಡ್ತೀನಿ. ಹುಡುಗೀರು ತುಳೀಲಿ," ಎಂದಳು.

ತಮಾಷೆಗೆ ಹೇಳಿದ ಮಾತಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮಕ್ಕಳಿಗೆ ದಿನವೂ ಸೀಟಿ ಊದಿ ಓಡಿಸುವವಳು ತಾನೇ ಪಿಕಪ್ಪಿನಲ್ಲಿ ಬಂದರೆ ಮರುದಿನ ಸೀಟಿ ಹೇಗೆ ಊದುವುದು ಎಂಬುದು ಆಕೆಯ ಸಂಕಟ.

ಹಾಸನದಲ್ಲಿ ಸೊಂಟ, ಬೆನ್ನು ನೋಡುವ ಡಾಕ್ಟರೊಬ್ಬರು ಗೊಂಬೆ ಬರೆದ ಕಾಗದ ಕೊಟ್ಟಿದ್ದರು. ಆ ಕಾಗದ ಕೋಣೆಯ ಗೋಡೆಗೆ ಅಂಟಿತ್ತು. ಒಂದು ಗೊಂಬೆ ಮೊಣಕೈ ಊರಿ ಹಲಗೆಯ ಹಾಗೆ ಬೋರಲಾಗಿತ್ತು. ಒಂದು ಅಂಗಾತ ಮಲಗಿ ಕುಂಡೆ ಎತ್ತಿತ್ತು. ಇನ್ನೊಂದು, ಎರಡೂ ಕಾಲಿಗೆ ರಬ್ಬರು ಪಟ್ಟಿ ಹಾಕಿಕೊಂಡು ಏಡಿಯ ಹಾಗೆ ಪಕ್ಕಕ್ಕೆ ನಡೆಯುತ್ತಿತ್ತು. ಹೊರಗೆ ಮಳೆ ಹೊಯ್ಯುತ್ತಿರುವಾಗ ಟೀಚರಮ್ಮ ಒಳಗೆ ಈ ಗೊಂಬೆಗಳು ಮಾಡಿದ್ದನ್ನೆಲ್ಲ ಮಾಡುತ್ತಿದ್ದಳು. ನಾನು ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಬೇರೆ ಕೆಲಸ ಇರಲಿಲ್ಲ, ಟಿ.ವಿ.ಗೆ ಕರೆಂಟೂ ಇರಲಿಲ್ಲ.

ನೋಡಿ ನೋಡಿ ನನಗೆ ಸಿಟ್ಟು ಬಂತು. ನೀರು ತುಂಬಿದ ಬಾಟಲಿ ಎತ್ತುವುದು, ಇಳಿಸುವುದು. ಎತ್ತಿದ್ದನ್ನು ಎಲ್ಲಿಗೂ ಒಯ್ಯುವುದಿಲ್ಲ. ಕೂರುವುದು, ಏಳುವುದು. ಕೂತಲ್ಲಿ ಒಂದು ಕಳೆ ಕಿತ್ತಿದ್ದೂ ಇಲ್ಲ. ನಾನು ಮೂವತ್ತು ವರ್ಷದ ಮೇಲೆ ತೋಟದಲ್ಲಿ ಆಳಾಗಿ ದುಡಿದವಳು. ನನ್ನ ಮಗಳು ಈಗಲೂ ಅದೇ ತೋಟಕ್ಕೆ ಹೋಗುತ್ತಾಳೆ. ನಮಗೆ ಸೊಂಟಕ್ಕೆ ಬೇರೆ, ತೊಡೆಗೆ ಬೇರೆ ಎಂದು ಯಾರೂ ಕಾಗದ ಕೊಟ್ಟಿರಲಿಲ್ಲ. ಆಕೆಗೆ ಹಾಗೇ ಹೇಳಿದೆ. ಭಾನುವಾರ ನನ್ನ ಜೊತೆ ಬಾ, ನಿನ್ನ ಸೊಂಟ ನಾನು ಗಟ್ಟಿ ಮಾಡುತ್ತೇನೆ ಎಂದೆ. ಬಂದಳು.

ಮೊದಲು ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂರಿಸಿ ಕಳೆ ತೆಗೆಸಿದೆ. ಘಟ್ಟ ಹತ್ತುವ ಕಾಲು ಇದ್ದವಳಿಗೆ ಒಂದು ಸಾಲು ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ತುದಿಗಾಲಲ್ಲಿ ಕೋಳಿಯ ಹಾಗೆ ಕೂರುತ್ತಿದ್ದಳು, ಆಮೇಲೆ ಹಿಂದಕ್ಕೆ ಬೀಳುತ್ತಿದ್ದಳು. ಗಣೇಶನ ಹಬ್ಬ ಬರುವ ಹೊತ್ತಿಗೆ ಪೂರ್ತಿ ಕೂರಲು ಕಲಿತಳು. ಸೌದೆ ಒಡೆಸಿದೆ. ಬಾವಿ ಸೇದಿಸಿದೆ. ನನಗೂ ಲಾಭವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಅದಕ್ಕೆ ಬದಲು ಆಕೆ ನನ್ನನ್ನೂ ಬಿಡಲಿಲ್ಲ. ನನ್ನ ಮೊಣಕಾಲು ಹೋಗಿ ಕೆಲವು ವರ್ಷ ಆಗಿತ್ತು. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ಇಳಿಸು, ಕುರ್ಚಿಯಿಂದ ಕೈ ಊರದೆ ಏಳು ಎಂದು ಸೀಟಿ ಇಲ್ಲದೆ ಬಾಯಲ್ಲೇ ಎಣಿಸುತ್ತಿದ್ದಳು. ಮಗಳು ತೋಟದಿಂದ ಬಂದು ಇಬ್ಬರನ್ನೂ ನೋಡಿ, ಮನೆಯಲ್ಲಿ ದೊಂಬರಾಟ ನಡೀತಿದೆ, ಅಡುಗೆ ಯಾರು ಮಾಡಿದ್ದಾರೆ ಎಂದು ಕೇಳುತ್ತಿದ್ದಳು. ಮೊಣಕಾಲು ವಾಸಿ ಆಯಿತು ಎಂದು ನಾನು ಹೇಳುವುದಿಲ್ಲ. ಬಸ್ಸಿನ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಯಾರೂ ನೂಕಬೇಕಾಗಿಲ್ಲ, ಅಷ್ಟೇ.

ಹಣ್ಣು ಕೊಯ್ಲು ಶುರುವಾದಾಗ ನಾನು ಕೆಲಸ ಕೆಡಿಸಿದೆ. ಕೊಯ್ದ ಕಾಫಿ ಹಣ್ಣನ್ನು ಚೀಲಕ್ಕೆ ತುಂಬಿ ತಲೆ ಮೇಲೆ ಹೊತ್ತು ತೂಕದ ಜಾಗಕ್ಕೆ ತರುವುದು ನಮ್ಮ ರೂಢಿ. ಹೊತ್ತವಳ ಬೆನ್ನು ಕೋಲಿನ ಹಾಗೆ ನಿಲ್ಲುತ್ತದೆ. ಇದಕ್ಕಿಂತ ವ್ಯಾಯಾಮ ಏನಿದೆ ಎಂದುಕೊಂಡು ಒಂದು ಭಾನುವಾರ ಆಕೆಯನ್ನು ಮಗಳು ಕೊಯ್ಯುತ್ತಿದ್ದ ತೋಟದ ಪಟ್ಟಿಗೆ ಕರೆದುಕೊಂಡು ಹೋದೆ. ಬಟ್ಟೆಯ ಸಿಂಬೆ ಸುತ್ತಿ ತಲೆ ಮೇಲಿಟ್ಟು ಅದರ ಮೇಲೆ ಅರ್ಧ ಚೀಲ ಏರಿಸಿದೆ. ಅರ್ಧವೇ. ನಾನು ಹತ್ತು ವರ್ಷದವಳಿದ್ದಾಗ ಅದಕ್ಕಿಂತ ಹೆಚ್ಚು ಹೊತ್ತಿದ್ದೆ.

ಇಳಿಜಾರಿನಲ್ಲಿ ಚೆನ್ನಾಗಿಯೇ ನಡೆದಳು. ಮಳೆನೀರಿನ ಚರಂಡಿ ಬಂತು. ದಾಟುವ ಮೊದಲು ಕಾಲು ಎಲ್ಲಿಡುವುದು ಎಂದು ಕೆಳಗೆ ನೋಡಿದಳು. ಹೊರೆ ಮುಂದಕ್ಕೆ ಜಾರಿತು, ಆಕೆ ಬಿಡದೆ ಕತ್ತಿನಿಂದಲೇ ತಡೆಯಲು ಹೋದಳು. ಕಟಕ್ ಎಂದದ್ದು ಹಿಂದಿದ್ದ ನನಗೂ ಕೇಳಿಸಿತು.

ತಲೆ ಮೇಲೆ ಹೊರೆ ಇದ್ದಾಗ ಕೆಳಗೆ ನೋಡಬಾರದು. ದಾರಿಯನ್ನು ಕಾಲು ನೋಡಿಕೊಳ್ಳುತ್ತದೆ, ಕಣ್ಣು ದೂರ ಇರಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹಾಗಾಗಿ ಬೇರೆಯವರಿಗೆ ಹೇಳಿಕೊಡಬೇಕಾದ ವಿಷಯ ಎಂದು ನನಗೆ ಹೊಳೆಯಲೇ ಇಲ್ಲ. ಉಸಿರಾಡಲು ಯಾರಾದರೂ ಹೇಳಿಕೊಡುತ್ತಾರೆಯೇ?

ಕತ್ತು ಒಂದು ಕಡೆಗೆ ಹಿಡಿದುಕೊಂಡಿತು. ಹಾಸನಕ್ಕೆ ಹೋಗಿ ಬಂದಳು. ಮೂಳೆಗೆ ಏನೂ ಆಗಿಲ್ಲ, ಮೂರು ವಾರ ಸೈಕಲ್ ಮುಟ್ಟಬೇಡಿ, ಭಾರ ಎತ್ತಬೇಡಿ, ನಡೆಯಬಹುದು ಎಂದರಂತೆ ಡಾಕ್ಟರು. ಘಟ್ಟ ಹತ್ತುವ ಭಾನುವಾರಕ್ಕೆ ಎರಡು ತಿಂಗಳೂ ಇರಲಿಲ್ಲ. ಆಕೆ ನನಗೆ ಒಂದು ಮಾತೂ ಬೈಯಲಿಲ್ಲ. ಮಗಳು ಬೈದಳು.

"ನಿನ್ನ ಕತ್ತು ಹುಟ್ಟಿದಾಗ್ಲಿಂದ ಹೊತ್ತಿರೋದು ಕಣವ್ವ. ಅವ್ರ ಕತ್ತು ಸೀಟಿ ಊದಿರೋದು. ಅಷ್ಟು ಗೊತ್ತಾಗಲ್ವಾ ನಿಂಗೆ?"

ಗೊತ್ತಾಗಿರಲಿಲ್ಲ. ಒಪ್ಪಿಕೊಂಡೆ. ಬಿಸಿ ಉಪ್ಪಿನ ಗಂಟು ಕಟ್ಟಿ ದಿನಾ ಎರಡು ಹೊತ್ತು ಕತ್ತಿಗೆ ಶಾಖ ಕೊಟ್ಟೆ. ತಪ್ಪಾಯಿತು ಎಂದು ಬಾಯಲ್ಲಿ ಹೇಳುವುದು ನನಗೆ ಬರುವುದಿಲ್ಲ. ಆದರೆ ಆಕೆ ಸಂಜೆ ಬಂದು ಒಳಗಿದ್ದ ಸೈಕಲ್ಲಿನ ಧೂಳು ಒರೆಸಿ ಸುಮ್ಮನೆ ನಿಲ್ಲುವುದನ್ನು ನೋಡಿದಾಗ, ಈ ಸೈಕಲ್ ಸ್ಕೂಲಿಗೆ ಹೋದರೆ ಅದು ನನ್ನಿಂದಲೇ ಎಂದು ಗೊತ್ತಿತ್ತು.

ಒಂದು ಸಂಜೆ ಶಾಖ ಕೊಡುತ್ತ ಗೋಡೆಯ ಕಾಗದ ನೋಡುತ್ತಿದ್ದೆ. ರಬ್ಬರು ಕಟ್ಟಿಕೊಂಡು ಪಕ್ಕಕ್ಕೆ ನಡೆಯುವ ಗೊಂಬೆ ಕಣ್ಣಿಗೆ ಬಿತ್ತು. ಇದು ಯಾತಕ್ಕೆ ಎಂದು ಕೇಳಿದೆ. ಸೊಂಟದ ಪಕ್ಕಗಳು ಗಟ್ಟಿಯಾಗಲು, ಸೈಕಲ್ ತುಳಿಯುವವರಿಗೆ ಅಲ್ಲೇ ಬಲ ಇರುವುದಿಲ್ಲ, ಅದಕ್ಕೇ ಏರಿನಲ್ಲಿ ಮೈ ತೂಗಾಡಿ ಬೆನ್ನು ಹಿಡಿಯುತ್ತದೆ ಎಂದಳು. ನನಗೆ ನಗು ಬಂತು. ಅದನ್ನು ನಾನು ಪ್ರತಿ ವರ್ಷ ಬಿಸಿಲಿನಲ್ಲಿ ಮಾಡುತ್ತಿದ್ದೆ.

ಕಾಫಿ ಒಣಗಿಸುವ ಕಣ ನೋಡದವರಿಗೆ ಹೇಳುತ್ತೇನೆ. ದೊಡ್ಡ ಅಂಗಳದಲ್ಲಿ ಕಾಫಿ ಹರಡಿರುತ್ತದೆ. ಒಂದೇ ಕಡೆ ಒಣಗಬಾರದು ಎಂದು ಗಳಿಗೆ ಗಳಿಗೆಗೆ ತಿರುವಬೇಕು. ಕೈಯಿಂದ ಅಲ್ಲ, ಕಾಲಿನಿಂದ. ಬರಿಗಾಲಲ್ಲಿ ಕಾಫಿಯೊಳಗೆ ನಿಂತು, ಪಾದ ಎತ್ತದೆ, ಹೊರಕ್ಕೆ ತಳ್ಳುತ್ತ ತಳ್ಳುತ್ತ ನಡೆಯಬೇಕು. ಹಿಂದೆ ನೇಗಿಲ ಸಾಲಿನ ಹಾಗೆ ಸಾಲು ಬೀಳುತ್ತದೆ. ಮೈ ಅಲ್ಲಾಡಿದರೆ ಸಾಲು ಸೊಟ್ಟ. ತಲೆಯ ಮೇಲೆ ಏನೂ ಇಲ್ಲ, ಕತ್ತಿಗೆ ಏನೂ ಕೆಲಸ ಇಲ್ಲ.

ಈ ಸಲ ನಾನು ನನ್ನಷ್ಟಕ್ಕೆ ತೀರ್ಮಾನ ಮಾಡಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳು ಎಂದೆ. ಆಕೆ ಕೇಳಿದಳು. ಅವರಿಗೆ ಕಣ ಎಂದರೆ ಏನೆಂದು ತಿಳಿಸಲು ಬಹಳ ಹೊತ್ತು ಹಿಡಿಯಿತು, ಆಮೇಲೆ ಮಾಡಿ ಎಂದರು. ತೋಟದ ಲೆಕ್ಕ ಬರೆಯುವ ರೈಟರ್ ಒಪ್ಪಲಿಲ್ಲ. ಸ್ಕೂಲಿನ ಟೀಚರ್ ಕಣದಲ್ಲಿ ಕಾಲು ಎಳೆಯುವುದನ್ನು ಸಾಹುಕಾರರು ನೋಡಿದರೆ ತನ್ನ ಕೆಲಸ ಹೋಗುತ್ತದೆ ಎಂದ. ಇವನ ಮಗಳು ಅದೇ ಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿನಲ್ಲಿ ಇದ್ದಾಳೆ ಎಂದು ನನ್ನ ಮಗಳು ನೆನಪಿಸಿದ ಮೇಲೆ, ಶೂ ಹಾಕಿಕೊಂಡು ಕಣಕ್ಕೆ ಇಳಿಯಬಾರದು ಎಂದಷ್ಟೇ ಹೇಳಿ ಸ್ಟೋರಿನೊಳಗೆ ಹೋದ.

ಶನಿವಾರ ಸ್ಕೂಲು ಮುಗಿಸಿ ಬಂದು, ಭಾನುವಾರ ಪೂರ್ತಿ, ಟೀಚರಮ್ಮ ಕಣದಲ್ಲಿ ಕಾಲು ಎಳೆದಳು. ಮೊದಲ ದಿನ ಆಕೆಯ ಸಾಲು ಹಾವು ಹರಿದ ಹಾಗೆ ಇತ್ತು. ಕಣದ ಹೆಂಗಸರು ಹಿಂದೆ ಬಂದು ಮತ್ತೆ ತಿರುವಿದರು, ನಗಾಡಿದರು. ಮರುದಿನ ಬೆಳಿಗ್ಗೆ ನನ್ನ ಅಡುಗೆ ಮನೆಗೆ ಬಂದು ಸೊಂಟದ ಎರಡೂ ಪಕ್ಕ ಮುಟ್ಟಿ ತೋರಿಸಿದಳು.

"ಇಲ್ಲೇ ನೋಯ್ತಾ ಐತೆ ಅಜ್ಜಿ. ಸರಿಯಾಗಿ ಇಲ್ಲೇ."

ನೋವು ಬಂದಿದ್ದಕ್ಕೆ ಇಷ್ಟು ಖುಷಿ ಪಟ್ಟವರನ್ನು ನಾನು ನೋಡಿರಲಿಲ್ಲ. ಮೂರು ವಾರ ಕಳೆದು ಕತ್ತು ಬಿಟ್ಟಿತು, ಸೈಕಲ್ ಹೊರಗೆ ಬಂತು, ಆದರೂ ಶನಿವಾರದ ಕಣ ನಿಲ್ಲಲಿಲ್ಲ. ಸಾಲು ನೆಟ್ಟಗಾಯಿತು. ಹಿಂದೆ ಬಂದು ತಿರುವುವುದನ್ನು ಹೆಂಗಸರು ಬಿಟ್ಟರು.

ಘಟ್ಟ ಹತ್ತುವ ಭಾನುವಾರ ನಾನೂ ಮಗಳೂ ದೋಣಿಗಲ್ ಕೆಳಗಿನ ತಿರುವಿಗೆ ನಡೆದುಕೊಂಡು ಹೋಗಿ ಮೋರಿ ಕಟ್ಟೆಯ ಮೇಲೆ ಕೂತೆವು. ಲಾರಿಗಳು ತಿಣುಕುತ್ತ ಹತ್ತುತ್ತಿದ್ದವು. ಸೈಕಲ್ಲಿನವರು ಒಬ್ಬೊಬ್ಬರೇ ಬಂದರು. ಬಹಳ ಜನ ಹೋದ ಮೇಲೆ ಈಕೆ ಕಾಣಿಸಿದಳು. ನಿಧಾನ ಇತ್ತು. ಆದರೆ ಸೊಂಟ ಗೂಟ ಹೊಡೆದ ಹಾಗೆ ಸೀಟಿನ ಮೇಲೆ ಕೂತಿತ್ತು. ಕಾಲು ಮಾತ್ರ ಆಡುತ್ತಿತ್ತು.

ತಿರುವಿನ ನಡುವೆ ಬರುವಾಗ ಮುಂದಿದ್ದ ಲಾರಿ ಗೇರು ಸಿಗದೆ ನಿಂತು, ಹಿಂದಕ್ಕೆ ಒಂದು ಮಾರು ಜಾರಿತು. ಅದರ ಹಿಂದಿದ್ದ ಸೈಕಲ್ಲಿನವರೆಲ್ಲ ಇಳಿದರು. ಈಕೆಯೂ ಬ್ರೇಕು ಹಿಡಿದು ಒಂದು ಕಾಲು ನೆಲಕ್ಕೆ ಊರಿದಳು. ಮಗಳು ನನ್ನ ತೋಳು ಗಟ್ಟಿಯಾಗಿ ಹಿಡಿದಳು.

ಲಾರಿ ಹೋಯಿತು. ಅಂಥ ಏರಿನಲ್ಲಿ ನಿಂತ ಸೈಕಲ್ಲನ್ನು ಮತ್ತೆ ಹೊರಡಿಸುವುದು ಕಷ್ಟ. ಬೇರೆಯವರು ಸಮ ಜಾಗ ಸಿಗುವವರೆಗೆ ತಳ್ಳಿಕೊಂಡು ನಡೆದರು. ಹಿಂದೆ ಬರುತ್ತಿದ್ದ ಪಿಕಪ್ಪಿನವನು ಇಳಿದು ಬಂದು ಬೆನ್ನಿಗೆ ಕೈ ಕೊಡಲೇ ಎಂದು ಕೇಳಿದ. ಆಕೆ ತಲೆ ಅಲ್ಲಾಡಿಸಿದಳು. ಮೇಲಿನ ಪೆಡಲಿಗೆ ಒಂದು ಕಾಲಿಟ್ಟು, ಇನ್ನೊಂದರಿಂದ ನೆಲ ಒದ್ದು ಎದ್ದಳು. ಸೈಕಲ್ ಒಂದು ಗಳಿಗೆ ನಿಂತಲ್ಲೇ ನಿಂತಿತ್ತು, ಆ ಕಡೆಗೂ ಬೀಳಲಿಲ್ಲ, ಈ ಕಡೆಗೂ ಬೀಳಲಿಲ್ಲ. ಆಮೇಲೆ ಮುಂದಕ್ಕೆ ಹೋಯಿತು. ನಮ್ಮ ಕಡೆ ತಿರುಗಿಯೂ ನೋಡದೆ ಹತ್ತಿಹೋದಳು. ನೋಡಿದ್ದರೆ ನಾನೇ ಬೈಯುತ್ತಿದ್ದೆ.

ಸಂಜೆ ಮನೆಗೆ ಬಂದು ಸ್ನಾನ ಮಾಡಿ ಒಲೆಯ ಮುಂದೆ ಕೂತಳು. ಅಕ್ಕಿ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಹಾಕಿಕೊಟ್ಟೆ. ಸಕಲೇಶಪುರ ಮುಟ್ಟಿದ್ದಳು, ಆದರೂ ಮುಖ ಸಪ್ಪಗಿತ್ತು. ಆಟದ ಟೀಚರ್ ಅಲ್ಲವೇ, ಲೆಕ್ಕ ಎಂದರೆ ಲೆಕ್ಕ.

"ಕಾಲು ಊರ್ಬುಟ್ಟೆ ಅಜ್ಜಿ," ಎಂದಳು.

"ಊರ್ಸಿದ್ದು ಯಾರು, ಸೊಂಟವಾ ಲಾರಿಯಾ?"

ರೊಟ್ಟಿ ಅಗಿಯುತ್ತ ಯೋಚನೆ ಮಾಡಿದಳು. ನನ್ನ ಮಗಳು ಕಾವಲಿಯ ಮೇಲಿದ್ದ ರೊಟ್ಟಿ ಮಗುಚುವುದನ್ನು ನಿಲ್ಲಿಸಿ ಕಾದಳು.

"ಲಾರಿ," ಎಂದಳು ಕೊನೆಗೆ.

"ಮತ್ತೆ ಲಾರಿ ಸೊಂಟಕ್ಕೆ ನೀನೇನು ಮಾಡಕ್ಕಾಯ್ತದೆ ಮಾರಾಯ್ತಿ, ತಿನ್ನು," ಎಂದೆ.

ನಾಲ್ಕು ರೊಟ್ಟಿ ತಿಂದಳು. ಕೈ ತೊಳೆದು ಜಗಲಿಗೆ ಹೋಗಿ ಸೈಕಲ್ ತಲೆಕೆಳಗಾಗಿ ನಿಲ್ಲಿಸಿ, ಹಳೆ ಬಟ್ಟೆಯಲ್ಲಿ ಚೈನು ಒರೆಸಿ, ಕೊಂಡಿ ಕೊಂಡಿಗೂ ಎಣ್ಣೆ ಬಿಡುತ್ತ ಕೂತಳು. ಕೊಟ್ಟುಬಿಡುವ ಸೈಕಲ್ಲಿಗೆ ಯಾರೂ ಹಾಗೆ ಎಣ್ಣೆ ಬಿಡುವುದಿಲ್ಲ. ನಾನು ಮಗಳಿಗೆ ನನ್ನ ರೊಟ್ಟಿ ಹಾಕಲು ಹೇಳಿದೆ.