ಸದ್ದಡಗಿದ ಮೋಟಾರ್ ಸೈಕಲ್

ನಾನು ಚಿಕ್ಕವಳಿದ್ದಾಗ, ಮುಂದಿನ ಎರಡು ಹಲ್ಲು ಬಿದ್ದು ಇನ್ನೂ ಹೊಸವು ಹುಟ್ಟದೇ ಇದ್ದ ವಯಸ್ಸಿನಲ್ಲಿ, ಮನೆಯಲ್ಲಿ ನನಗೊಂದು ಕೆಲಸವಿತ್ತು. ನಾನು ಅಪ್ಪನ ಕಿವಿಯಾಗಿದ್ದೆ. ನಗಬೇಡಿ ಮಕ್ಕಳೇ, ನಿಜವಾಗಿಯೂ ಅದೇ ನನ್ನ ಕೆಲಸ. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅಪ್ಪನಿಗೆ ಕಿವಿ ಮಂದವಾಗಿತ್ತು. ಜೋರಾಗಿ ಕೂಗಿದರೆ ಕೇಳುತ್ತಿತ್ತು, ಸಣ್ಣ ಸದ್ದು ಕೇಳುತ್ತಿರಲಿಲ್ಲ. ಬಾವಿಯ ರಾಟೆ ಕಿರುಗುಟ್ಟಿದರೆ, ಕೊಟ್ಟಿಗೆಯಲ್ಲಿ ಕರು ಕೂಗಿದರೆ, ಬಾಗಿಲಲ್ಲಿ ಯಾರಾದರೂ ಕೆಮ್ಮಿದರೆ ನಾನು ಓಡಿಹೋಗಿ ಹೇಳಬೇಕು. ಅಕ್ಕನಿಗೆ ಈ ಕೆಲಸ ಕೊಟ್ಟರೆ ಪುಸ್ತಕ ಹಿಡಿದು ಕೂತು ಮರೆತೇಬಿಡುತ್ತಿದ್ದಳು. ನನಗಂತೂ ಜಂಬವೋ ಜಂಬ.

ನಮ್ಮೂರು ಹಳೇಬೀಡು. ಹೊಲದಲ್ಲಿ ರಾಗಿ, ಕೆರೆಯ ಹಿಂದೆ ಒಂದಿಷ್ಟು ತೆಂಗು. ಅಂಥ ಮನೆಗೆ ಮೋಟಾರ್ ಸೈಕಲ್ ಬಂದದ್ದೇ ಒಂದು ವಿಚಿತ್ರ. ಅರೇಹಳ್ಳಿ ಕಡೆಯ ಕಾಫಿ ತೋಟದ ಸಾಹುಕಾರರೊಬ್ಬರು ಕಾರು ಕೊಂಡ ಮೇಲೆ ತಮ್ಮ ಹಳೆಯ ಗಾಡಿಯನ್ನು ಅಪ್ಪನಿಗೆ ಕೊಟ್ಟಿದ್ದರು. ಅವರ ಡ್ರೈವರು ಒಂದು ಬೆಳಿಗ್ಗೆ ಪೂರ್ತಿ ಕೂತು ಅದರ ಸಣ್ಣಪುಟ್ಟ ರಿಪೇರಿ ಹೇಳಿಕೊಟ್ಟಿದ್ದ. ಕಪ್ಪು ಬಣ್ಣ, ಎಮ್ಮೆಯಂಥ ಮೈ, ಪೆಟ್ರೋಲು ಮತ್ತು ಕಾದ ಎಣ್ಣೆಯ ವಾಸನೆ. ಕಿಕ್ಕರ್ ತುಳಿದಾಗ ಅದು ಒಮ್ಮೊಮ್ಮೆ ತಿರುಗಿ ಅಪ್ಪನ ಕಾಲಿಗೇ ಒದೆಯುತ್ತಿತ್ತು. ಆಗ ಅಮ್ಮ ಒಳಗಿನಿಂದಲೇ "ಒಳ್ಳೇದಾಯ್ತು" ಎನ್ನುತ್ತಿದ್ದಳು.

ಆ ವರ್ಷ ಅಕ್ಕನಿಗೆ ಎಸ್ಸೆಸ್ಸೆಲ್ಸಿ. ನಮ್ಮ ಬೀದಿಯಲ್ಲಿ ಅಷ್ಟು ಓದಿದ ಮೊದಲ ಹುಡುಗಿ ಅವಳೇ. ಪರೀಕ್ಷೆ ಬೇಲೂರಿನಲ್ಲಿ, ನಮ್ಮೂರಿಂದ ಹತ್ತು ಮೈಲಿ. ತಾತ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ: "ಈ ಸಲ ಆದ್ರೆ ಆಯ್ತು. ಒಂದು ಪೇಪರ್ ಹೋದ್ರೂ ಮುಂದಿನ ವರ್ಷ ಅಂತ ಕೂರ್ಸಾಕಿಲ್ಲ. ಗಂಡು ನೋಡಾದೇಯ." ಹಾಗಾಗಿ ಅಪ್ಪ ಬಸ್ಸನ್ನು ನಂಬದೆ ದಿನಾ ತಾನೇ ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದ. ಕೊನೆಯ ಪೇಪರು ಸೈನ್ಸ್, ಮಧ್ಯಾಹ್ನ ಎರಡು ಗಂಟೆಗೆ. ಅವತ್ತು ನನ್ನನ್ನೂ ಕರೆದುಕೊಂಡು ಹೋಗಿ ಬೇಲೂರಿನ ಹೋಟೆಲಿನಲ್ಲಿ ದೋಸೆ ಕೊಡಿಸುವುದಾಗಿ ಅಪ್ಪ ಮಾತು ಕೊಟ್ಟಿದ್ದ.

ಬೆಳಿಗ್ಗೆ ಅಪ್ಪ ಗಾಡಿ ಶುರು ಮಾಡಿ ನೋಡಿದ. ಡುಗುಡುಗು ಎನ್ನುವ ಸದ್ದಿನ ನಡುವೆ ಇನ್ನೊಂದು ಸದ್ದು, ಟಕ್ ಟಕ್ ಟಕ್, ಒಳಗೆ ಯಾರೋ ಕೂತು ಎಲೆ ಅಡಿಕೆ ಕುಟ್ಟುತ್ತಿರುವ ಹಾಗೆ. ನಾನು ಓಡಿಹೋಗಿ ಅಪ್ಪನ ಕಿವಿಯಲ್ಲಿ ಕಿರುಚಿದೆ. ಅಪ್ಪನ ಮುಖ ಸಣ್ಣದಾಯಿತು. "ಅಂಗಾರೆ ಅದು ಟ್ಯಾಪೆಟ್ಟು," ಎಂದು ಗಾಡಿ ನಿಲ್ಲಿಸಿ, ಸ್ಪ್ಯಾನರುಗಳ ಗೋಣಿಚೀಲ ಬಿಚ್ಚಿದ.

ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ, ನನಗೆ ಅರ್ಥವಾದಷ್ಟು. ಎಂಜಿನ್ನಿನ ತಲೆಯಲ್ಲಿ ಎರಡು ಪುಟ್ಟ ಮುಚ್ಚಳಗಳಿರುತ್ತವೆ, ವಾಲ್ವ್ ಅಂತ. ಒಂದು ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆ ಬಿಡುತ್ತದೆ, ಇನ್ನೊಂದು ಹೊಗೆಯನ್ನು ಹೊರಗೆ ಬಿಡುತ್ತದೆ. ಅವನ್ನು ತೆರೆಸುವುದಕ್ಕೆ ಕೆಳಗಿನಿಂದ ತಳ್ಳುವ ಎರಡು ಉದ್ದನೆಯ ಕಡ್ಡಿಗಳಿವೆ. ಅವೇ ಪುಶ್ ರಾಡ್. ಕಡ್ಡಿ ಸಡಿಲವಾದರೆ ಟಕ್ ಟಕ್ ಸದ್ದು, ಅದನ್ನೇ ಅಪ್ಪ ಟ್ಯಾಪೆಟ್ಟು ಎಂದದ್ದು. ಕಡ್ಡಿಯ ಬುಡದಲ್ಲಿರುವ ನಟ್ಟು ತಿರುಗಿಸಿ ಅದನ್ನು ಸರಿ ಮಾಡಬೇಕು.

ಇಷ್ಟೇ ಆಗಿದ್ದರೆ ಸುಲಭವಿತ್ತು. ಒಳಗಿನ ಪಿಸ್ಟನ್ ಪೂರ್ತಿ ಮೇಲಕ್ಕೆ ಬಂದು ನಿಂತಾಗ ಮಾತ್ರ ಈ ಕೆಲಸ ಮಾಡಬೇಕಂತೆ. ಆದರೆ ಅದು ಎರಡು ಸಲ ಮೇಲಕ್ಕೆ ಬರುತ್ತದಂತೆ, ಒಂದು ಸಲ ಬಂದದ್ದು ಸರಿಯಂತೆ, ಇನ್ನೊಂದು ಸಲ ಬಂದದ್ದು ತಪ್ಪಂತೆ! ಎರಡೂ ಮೇಲೇ ತಾನೇ? ನನಗೆ ತಲೆಬುಡ ತಿಳಿಯಲಿಲ್ಲ. ಅಪ್ಪ ಪ್ಲಗ್ಗು ಬಿಚ್ಚಿ ಆ ತೂತಿನ ಮೇಲೆ ನನ್ನ ಹೆಬ್ಬೆರಳು ಇಡಿಸಿ, "ಗಾಳಿ ಬೆರಳು ತಳ್ಳಿದಾಗ ಹೇಳು ಮಗಾ," ಎಂದು ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿದ. ಒಂದು ಸಲ ಏನೂ ಆಗಲಿಲ್ಲ. ಇನ್ನೊಂದು ಸಲ ಪುಸ್ ಎಂದು ಬೆರಳೇ ಎಗರಿತು. ನಾನು ಬೆಚ್ಚಿ ಹಿಂದಕ್ಕೆ ಸರಿದೆ. ಅದೇ ಸರಿಯಾದ ಸಲವಂತೆ.

ಆಮೇಲೆ ಅಪ್ಪ ಬಿಗಿ ಮಾಡುವುದು, ಗಾಡಿ ಶುರು ಮಾಡುವುದು, ಸದ್ದು ಹೋಯಿತೇ ಎಂದು ನನ್ನನ್ನು ಕೇಳುವುದು. ನನಗೆ ಒಮ್ಮೆ ಕೇಳಿಸಿದ ಹಾಗೆ, ಒಮ್ಮೆ ಇಲ್ಲದ ಹಾಗೆ. ಅಷ್ಟರಲ್ಲಿ ಒಂದು ಉಪಾಯ ಹೊಳೆಯಿತು. ಅಡುಗೆಮನೆಗೆ ಓಡಿ ಒಲೆ ಊದುವ ಕಬ್ಬಿಣದ ಊದುಗೊಳವೆ ತಂದು, ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟುಕೊಂಡೆ. ಅಬ್ಬಾ! ಒಳಗೆ ಒಂದು ಸಂತೆಯೇ ನಡೆಯುತ್ತಿತ್ತು. ಟಿಕ್ ಟಿಕ್, ಸರಸರ, ಗರಗರ. ಅದರಲ್ಲಿ ರೋಗದ ಸದ್ದು ಯಾವುದು, ಗಾಡಿಯದೇ ಸದ್ದು ಯಾವುದು, ಯಾರು ಹೇಳಬೇಕು? ಪರೀಕ್ಷೆ ಶುರುವಾದಾಗಿನಿಂದ ಮನೆಯಲ್ಲಿ ಒಂದು ಲೋಟ ಬಿದ್ದರೂ "ಶ್, ಅಕ್ಕ ಓದ್ತಾವ್ಳೆ" ಎಂದು ಬೈಸಿಕೊಂಡಿದ್ದೆ. ಸದ್ದು ಎಂದರೆ ತಪ್ಪು ಎನ್ನುವುದೊಂದೇ ನನಗೆ ಗೊತ್ತಿದ್ದದ್ದು.

"ಇನ್ನೂ ಐತೆ ಅಪ್ಪಾ," ಎಂದೆ. ಅಪ್ಪ ಇನ್ನಷ್ಟು ಬಿಗಿ ಮಾಡಿದ. "ಇನ್ನೂ ಐತೆ." ಮತ್ತಷ್ಟು ಬಿಗಿ ಮಾಡಿದ.

"ಒಲೆ ಆರೋಗ್ತಾ ಐತೆ, ಊದುಗೊಳವೆ ಕೊಡ್ರೇ!" ಎಂದು ಅಮ್ಮ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು. "ಆ ಕಬ್ಬಿಣದ ಎಮ್ಮೆಗೆ ಊದಿದ್ರೆ ಹಾಲು ಕೊಡ್ತದಾ?"

ನಾಲ್ಕನೆಯ ಸಲಕ್ಕೆ ಟಿಕ್ ಟಿಕ್ ಪೂರ್ತಿ ಅಡಗಿತು. ಊದುಗೊಳವೆಯಲ್ಲಿಯೂ ಕೇಳಿಸಲಿಲ್ಲ. ಅಪ್ಪ ಎಣ್ಣೆಗೈಯಲ್ಲೇ ನನ್ನ ಕೆನ್ನೆ ಹಿಂಡಿ, "ನನ್ನ ಮಗಳ ಕಿವಿ ಅಂದ್ರೆ ಕಿವಿ," ಎಂದ. ಆ ಕರಿಮಸಿಯನ್ನು ನಾನು ತೊಳೆದುಕೊಳ್ಳಲೇ ಇಲ್ಲ.

ಹನ್ನೆರಡು ಗಂಟೆಗೆ ಹೊರಟೆವು. ಪೆಟ್ರೋಲ್ ಟ್ಯಾಂಕಿನ ಮೇಲೆ ನಾನು, ನಡುವೆ ಅಪ್ಪ, ಹಿಂದೆ ನೋಟ್ಸು ತಬ್ಬಿಕೊಂಡ ಅಕ್ಕ. ಬಿಸಿಲು ಚುರುಗುಟ್ಟುತ್ತಿತ್ತು. ರಸ್ತೆ ಬದಿಯ ಹೊಂಗೆಗಳು ಮಾತ್ರ ಹೊಸ ಎಲೆ ಬಿಟ್ಟು ಮಿಂಚುತ್ತಿದ್ದವು. ಗಾಡಿ ಎಂದೂ ಇಲ್ಲದಷ್ಟು ಮೆತ್ತಗೆ ಓಡಿತು, ನಾಲ್ಕು ಮೈಲಿ. ಒಂದು ಏರು ಹತ್ತುವಾಗ ಪಟ್ ಪಟ್ ಎಂದು ಎರಡು ಸಲ ಸೀನಿದ ಹಾಗೆ ಮಾಡಿ, ನಿಧಾನವಾಗಿ, ನಿಂತೇಹೋಯಿತು.

ಅಪ್ಪ ಕಿಕ್ಕರ್ ತುಳಿದ. ಕಾಲಿಗೆ ಒದೆಯುವ ಗಾಡಿ ಈಗ ಒದೆಯಲಿಲ್ಲ. ಎಷ್ಟು ತುಳಿದರೂ ಕಿಕ್ಕರ್ ಸುಮ್ಮನೆ ಕೆಳಕ್ಕೆ ಹೋಗಿ ಬರುತ್ತಿತ್ತು. ಅಪ್ಪನ ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿಕೊಂಡಿತು. ಅವನ ಕೈಗಡಿಯಾರದಲ್ಲಿ ಹನ್ನೆರಡೂವರೆ. ಬೇಲೂರಿಗೆ ಇನ್ನೂ ಆರು ಮೈಲಿ. ಬಸ್ಸು ಹನ್ನೊಂದಕ್ಕೇ ಹೋಗಿತ್ತು, ಇನ್ನೊಂದು ಸಂಜೆಗೆ. ಅಕ್ಕ ಲಂಗ ಎತ್ತಿ ಹಿಡಿದು ಬೇಲೂರಿನ ಕಡೆಗೆ ನಡೆಯತೊಡಗಿದಳು. ಸ್ವಲ್ಪ ದೂರ ಹೋದವಳು ನಡೆದರೆ ಮುಟ್ಟುವುದಿಲ್ಲ ಎಂದು ತಾನೇ ಲೆಕ್ಕ ಹಾಕಿಕೊಂಡು ವಾಪಸ್ಸು ಬಂದಳು. ಸದ್ದಿದ್ದಾಗ ಓಡುತ್ತಿದ್ದ ಗಾಡಿ ಸದ್ದು ಹೋದ ಮೇಲೆ ಯಾಕೆ ನಿಂತಿತು? ನನಗೆ ಒಂದೂ ಹೊಂದಿಕೆಯಾಗಲಿಲ್ಲ.

ಪಕ್ಕದ ಹೊಲದ ಬಾವಿಯಿಂದ ಒಬ್ಬ ಮುದುಕ ಎತ್ತುಗಳಿಗೆ ನೀರು ಹೊತ್ತು ತರುತ್ತಿದ್ದವನು ನಮ್ಮನ್ನು ನೋಡಿ ಹತ್ತಿರ ಬಂದ. "ಏನ್ ಸ್ವಾಮಿ, ಗಾಡಿ ಮೈ ಬಿಸಿಯಾಗೈತಾ? ಒಂದು ಕೊಡ ಹುಯ್ದುಬುಡ್ತೀನಿ ತಡೀರಿ. ನಮ್ಮೆತ್ತಿಗೂ ಅಂಗೇ ಮಾಡಾದು," ಎಂದು ಎಂಜಿನ್ನಿನ ಮೇಲೆ ಕೊಡ ಬಗ್ಗಿಸಲು ಹೋದ.

"ಬ್ಯಾಡಿ!" ಎಂದು ಅಕ್ಕ ಅವನ ಕೈ ಹಿಡಿದಳು. "ಕಾದು ಹಿಗ್ಗಿರೋ ಕಬ್ಬಿಣ ಬಿರುಕು ಬಿಡ್ತದೆ!" ಹಾಗೆಂದವಳು ಕೈ ಹಿಡಿದುಕೊಂಡೇ ನಿಂತುಬಿಟ್ಟಳು. ತಿಂಗಳಿನಿಂದ ಬಾಯಿಪಾಠ ಮಾಡಿದ್ದ ಪಾಠ ಅದು. ಆಮೇಲೆ ಅಪ್ಪನ ಕಿವಿಯ ಹತ್ತಿರ ಬಂದು ಜೋರಾಗಿ ಕೇಳಿದಳು. "ಅಪ್ಪಾ, ಬೆಳಿಗ್ಗೆ ಆ ಕಡ್ಡಿಗೆ ಹಿಗ್ಗೋಕೆ ಜಾಗ ಬಿಟ್ಟಿದ್ಯಾ?"

"ಜಾಗಾನಾ? ಸದ್ದು ಹೋಗೋಗಂಟ ಬಿಗಿ ಮಾಡ್ದೆ."

ಅಕ್ಕ ಬಿಡಿಸಿ ಹೇಳಿದಳು. ಜಾಗ ಬಿಡದೆ ಬಿಗಿ ಮಾಡಿದ್ದರಿಂದ, ಕಾದು ಹಿಗ್ಗಿದಾಗ ಒಳಗಿನ ಮುಚ್ಚಳ ಪೂರ್ತಿ ಮುಚ್ಚುತ್ತಿಲ್ಲ. ಗಾಳಿಯೆಲ್ಲ ಸೋರಿಹೋಗುತ್ತಿದೆ. ಅಪ್ಪ ಹಣೆ ಬಡಿದುಕೊಂಡ. ಕಡ್ಡಿ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು ಎಂದು ಡ್ರೈವರು ಹೇಳಿದ್ದು ಅವನಿಗೆ ಆಗ ನೆನಪಾಯಿತು. ಅದನ್ನು ಬಿಟ್ಟು ಅವನು ನನ್ನ ಮಾತು ಕೇಳಿಕೊಂಡು ಕೂತಿದ್ದ.

ನನಗೆ ಅಳು ತಡೆಯಲಾಗಲಿಲ್ಲ. "ಇನ್ನೂ ಐತೆ ಅಂದಿದ್ದು ನಾನೇ. ಸದ್ದು ಯಾವ್ದು ಅಂತ ನಂಗೆ ಗೊತ್ತೇ ಆಗಿರ್ಲಿಲ್ಲ," ಎಂದು ಅಪ್ಪನ ಕಿವಿಗೆ ಕೂಗಿ ಹೇಳಿದೆ. ತಪ್ಪೊಪ್ಪಿಕೊಳ್ಳುವುದನ್ನು ಅಷ್ಟು ಜೋರಾಗಿ ಕೂಗಿ ಮಾಡುವ ಕಷ್ಟ ನಿಮಗೆ ಗೊತ್ತಿಲ್ಲ. ಮುದುಕನಿಗೂ ಕೇಳಿತು, ಎತ್ತುಗಳಿಗೂ ಕೇಳಿರಬೇಕು.

ಅಪ್ಪ ಬೈಯಲಿಲ್ಲ. "ಕೇಳ್ಸಿದ್ದು ಹೇಳ್ದೆ ನೀನು. ತಿಳ್ಕಬೇಕಾಗಿದ್ದೋನು ನಾನು," ಎಂದಷ್ಟೇ ಹೇಳಿದ.

ಎಂಜಿನ್ ತಣ್ಣಗಾಗದೆ ಮುಟ್ಟುವ ಹಾಗಿರಲಿಲ್ಲ. ಅಷ್ಟು ಉದ್ದದ ಮುಕ್ಕಾಲು ಗಂಟೆಯನ್ನು ನಾನು ಇನ್ನೆಂದೂ ಕಂಡಿಲ್ಲ. ಗಾಡಿಯನ್ನು ಹೊಂಗೆಯ ನೆರಳಿಗೆ ತಳ್ಳಿದೆವು. ಆ ಮುದುಕ ತನ್ನ ಕೆಲಸ ಬಿಟ್ಟು ಕೂತು ಟವೆಲ್ಲಿನಿಂದ ಎಂಜಿನ್ನಿಗೆ ಗಾಳಿ ಬೀಸಿದ, ಕಾಯಿಲೆಯವರಿಗೆ ಬೀಸುವ ಹಾಗೆ. ಅಕ್ಕ ನೋಟ್ಸಿನ ಒಂದೇ ಪುಟವನ್ನು ತೆರೆದು ಕೂತಿದ್ದಳು. ನಾನು ಗಳಿಗೆಗೊಮ್ಮೆ ಎಂಜಿನ್ ಮುಟ್ಟಿ ಬೆರಳು ಸುಟ್ಟುಕೊಂಡೆ.

ಒಂದೂಕಾಲಿಗೆ ಮುಟ್ಟುವಷ್ಟಾಯಿತು. ಅಪ್ಪ ನಟ್ಟು ಸಡಿಲಿಸಿ, ಮತ್ತೆ ಪ್ಲಗ್ಗು ಬಿಚ್ಚಿ, ಅಕ್ಕನ ಹೆಬ್ಬೆರಳು ಇಡಿಸಿ ಪಿಸ್ಟನ್ನನ್ನು ಸರಿಯಾದ ಸಲಕ್ಕೆ ಮೇಲಕ್ಕೆ ತಂದ. ಕಡ್ಡಿಗಳ ಬುಡದ ಕಿಂಡಿಯಲ್ಲಿ ಅವನ ದಪ್ಪ ಬೆರಳು ಸ್ಪ್ಯಾನರಿನ ಜೊತೆ ಹಿಡಿಯುತ್ತಿರಲಿಲ್ಲ. "ಮಗಾ, ಬಾ ಇಲ್ಲಿ. ಕಡ್ಡಿ ತಿರುಗ್ಸಿ ನೋಡು," ಎಂದ. ತಿರುಗುತ್ತಿದೆಯೇ? ತಿರುಗುತ್ತಿತ್ತು. ಮೇಲೆ ಕೆಳಗೆ ಆಡುತ್ತಿದೆಯೇ? ಗೊತ್ತಿಲ್ಲ ಎಂದೆ. ಅಪ್ಪ ಕಾದ. ಮತ್ತೆ ಮುಟ್ಟಿದೆ. ಕೂದಲಷ್ಟು ಆಡುತ್ತಿತ್ತು. ಹೇಳಿದೆ. ಅಪ್ಪ ಕೂದಲಷ್ಟೇ ತಿರುಗಿಸಿದ. ಈಗ ಆಡುತ್ತಿರಲಿಲ್ಲ, ಸಲೀಸಾಗಿ ತಿರುಗುತ್ತಿತ್ತು. ಪ್ಲಗ್ಗನ್ನು ಮತ್ತೆ ಕೂರಿಸಿದೆವು.

ಅಪ್ಪ ಕಿಕ್ಕರ್ ತುಳಿದ. ಅದು ತಿರುಗಿ ಅವನ ಕಾಲಿಗೆ ಬಲವಾಗಿ ಒದೆಯಿತು. "ಅಯ್ಯಪ್ಪಾ!" ಎಂದು ನೋವಿನಲ್ಲೂ ನಕ್ಕ. ಎರಡನೆಯ ತುಳಿತಕ್ಕೆ ಗಾಡಿ ಡುಗುಡುಗು ಎಂದಿತು. ಆಗ ಅಪ್ಪ ನನ್ನ ಕಡೆ ತಿರುಗಿ, ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಕೇಳಿದ. "ಸದ್ದು ಐತಾ ಮಗಾ?"

ಇದೆ ಎಂದರೆ ಸರಿಯೋ, ಇಲ್ಲ ಎಂದರೆ ಸರಿಯೋ? "ಐತೆ ಅಪ್ಪಾ. ಸಣ್ಣಗೆ ಟಿಕ್ ಟಿಕ್ ಅಂತೈತೆ."

"ಅಷ್ಟು ಇರ್ಲಿ ಬುಡು," ಎಂದ ಅಪ್ಪ.

ಬೇಲೂರು ಮುಟ್ಟುವ ಹೊತ್ತಿಗೆ ಸ್ಕೂಲಿನ ಗೇಟು ಅರ್ಧ ಮುಚ್ಚಿತ್ತು. ಅಕ್ಕ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಓಡಿ ಒಳಗೆ ನುಗ್ಗಿದಳು. ಸಂಜೆ ಹೊರಗೆ ಬಂದವಳ ಮುಖ ಸಿಡುಕು. ಲೋಹ ಹಿಗ್ಗುವ ಪ್ರಶ್ನೆ ಬಂದೇ ಇರಲಿಲ್ಲವಂತೆ! ಆದರೂ ಪಾಸಾದಳು, ಆಮೇಲೆ ಟೀಚರಾದಳು. ತಾತ ಗಂಡು ನೋಡುವ ಮಾತನ್ನು ತಾನಾಗಿ ಎತ್ತಲೇ ಇಲ್ಲ.

ಮೊನ್ನೆ ನಿಮ್ಮ ಬ್ಯಾಟರಿ ಸ್ಕೂಟರಿನ ಹಿಂದೆ ಕೂತಾಗ ಅದು ಶುರುವಾಗಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಹೊರಟ ಮೇಲೆಯೇ ಗೊತ್ತಾದದ್ದು. ಏನಾದರೂ ಕೆಟ್ಟರೆ ಅದರ ಪರದೆಯ ಮೇಲೆ ಬರೆದು ಬರುತ್ತದಂತೆ. ಒಳ್ಳೆಯದೇ ಆಯಿತು ಮಕ್ಕಳೇ, ನನ್ನಿಂದ ಕೆಟ್ಟಿತು ಎಂದು ನೀವು ಯಾರೂ ನಡುರಸ್ತೆಯಲ್ಲಿ ಅಳಬೇಕಾಗಿಲ್ಲ. ಆದರೆ ಅಷ್ಟು ದೊಡ್ಡ ತಪ್ಪನ್ನು ಒಪ್ಪಿಕೊಂಡ ಒಂದು ಗಂಟೆಯೊಳಗೇ ಅಪ್ಪ ತಿರುಗಿ ನನ್ನನ್ನೇ ಕೇಳಿದನಲ್ಲ, ನಿಮ್ಮ ಪರದೆ ನಿಮ್ಮನ್ನು ಹಾಗೆ ಎಂದೂ ಕೇಳುವುದಿಲ್ಲ.